ಬೈರಸಂದ್ರ, ತಾವರೆಕೆರೆ, ಮಡಿವಾಳ: ಮೂರಕ್ಷರದಲ್ಲಿ ಮೂರು ಊರು

ದಕ್ಷಿಣ ಬೆಂಗಳೂರಿನ ಬಡಾವಣೆಗಳಿಗೆ ಹೆಸರಿನ ಬರ ಯಾವತ್ತೂ ಇರಲಿಲ್ಲ. ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರಲ್ಲಿ ಜಯನಗರ ಆಯಿತು. ಲೋಕನಾಯಕ ಜಯಪ್ರಕಾಶ ನಾರಾಯಣರ ಹೆಸರಲ್ಲಿ ಜೆ.ಪಿ. ನಗರ ಆಯಿತು. ಕನಕಪುರ ರಸ್ತೆಯ ಅಮ್ಮನವರು ಬನಶಂಕರಿಗೆ ಹೆಸರು ಕೊಟ್ಟರು. ರಾಜ, ನಾಯಕ, ದೇವರು ಮೂವರೂ ಹಂಚಿಹೋದ ಮೇಲೆ ನಮ್ಮ ಬಡಾವಣೆಯ ಪಾಲಿಗೆ ಬಂದದ್ದು ಬಿ.ಟಿ.ಎಂ. ಎಂಬ ಮೂರು ಇಂಗ್ಲಿಷ್ ಅಕ್ಷರ.

ಹೊಸದಾಗಿ ಬಂದವರು ಇದನ್ನು ಯಾವುದೋ ಕಾರ್ಖಾನೆಯ ಹೆಸರು ಅಂದುಕೊಳ್ಳುತ್ತಾರೆ. ಎಚ್.ಎ.ಎಲ್., ಬಿ.ಇ.ಎಲ್., ಬಿ.ಇ.ಎಂ.ಎಲ್. ಎಲ್ಲ ಇರುವ ಊರಿನಲ್ಲಿ ಹಾಗೆ ಅನ್ನಿಸುವುದು ಸಹಜವೇ. ನಮ್ಮ ಎರಡನೇ ಹಂತಕ್ಕೆ ಅಂಟಿಕೊಂಡ ಮೈಕೋ ಲೇಔಟ್ ನಿಜಕ್ಕೂ ಕಾರ್ಖಾನೆಯ ಹೆಸರನ್ನೇ ಹೊತ್ತಿದೆ; ಆಡುಗೋಡಿಯ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಚುಟುಕು ಹೆಸರದು. ಕಂಪನಿ 2008ರಲ್ಲಿ ಬಾಷ್ ಆಯಿತು, ಲೇಔಟ್ ಮಾತ್ರ ಮೈಕೋ ಆಗಿಯೇ ಉಳಿಯಿತು. ಪೊಲೀಸ್ ಠಾಣೆಗೂ ಅದೇ ಹೆಸರು. ಇಂಥ ನೆರೆಹೊರೆಯಲ್ಲಿ ಬಿ.ಟಿ.ಎಂ. ಅಂದರೇನು ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. "ಅಂಕಲ್, ಬಿಟಿಎಂ ಫುಲ್ ಫಾರ್ಮ್ ಏನು?" ಅನ್ನುವ ಪಿಜಿ ಹುಡುಗರಿಗೆ "ಬೈರಸಂದ್ರ, ತಾವರೆಕೆರೆ, ಮಡಿವಾಳ ಕಣಪ್ಪಾ" ಅಂದರೆ "ಓ, ಮೂರು ಸ್ಟಾಪಾ?" ಎಂದು ಮುಂದೆ ಹೋಗುತ್ತಾರೆ.

ಸ್ಟಾಪ್ ಅಲ್ಲ, ಮೂರು ಊರು. ಮೂರೂ ಈ ಬಡಾವಣೆಗಿಂತ ಬಹಳ ಹಿರಿಯವು. ಈ ಸ್ಮರಣ ಸಂಚಿಕೆಗೆ ಬಡಾವಣೆಯ ಚರಿತ್ರೆ ಬರೆಯಬೇಕೆಂದು ಸಂಪಾದಕ ಬಳಗದವರು ಹೇಳಿದಾಗ ನಿವೇಶನ ಹಂಚಿಕೆಯಿಂದ ಆರಂಭಿಸಿ ಮೆಟ್ರೋಗೆ ಮುಗಿಸಿದರೆ ಸಾಕು ಎಂಬ ಸಲಹೆಯೂ ಬಂತು. ಹಾಗೆ ಬರೆದರೆ ಅರ್ಧ ಶತಮಾನದ ಲೆಕ್ಕ ಸಿಗುತ್ತದೆ, ಅಷ್ಟೆ. ಹೆಸರನ್ನು ಬಿಡಿಸಿ ಓದಿದರೆ ಏಳೆಂಟು ನೂರು ವರ್ಷ ಹಿಂದಕ್ಕೆ ಹೋಗಬಹುದು. ಇನ್ನೊಂದು ಸಂಗತಿಯೂ ಕಾಣುತ್ತದೆ: ಈ ಮೂರು ಹೆಸರುಗಳಲ್ಲಿ ಮೂರೂ ನೀರಿಗೆ ಸಂಬಂಧಪಟ್ಟವು.

ಮೊದಲು ಬೈರಸಂದ್ರ. ಸಂದ್ರ ಅಂದರೆ ಸಮುದ್ರ. ಕೆರೆ ಕಟ್ಟಿಸಿದವರು ಅದಕ್ಕೆ ಸಮುದ್ರವೆಂದು ಹೆಸರಿಡುವುದು ಕನ್ನಡ ನಾಡಿನ ಹಳೆಯ ಪದ್ಧತಿ. ಜನರ ಬಾಯಲ್ಲಿ ಸವೆದು ಸವೆದು ಅದು ಸಂದ್ರವಾಯಿತು. ನಮ್ಮ ಸುತ್ತಲೇ ಎಣಿಸಿ ನೋಡಿ: ಲಕ್ಕಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ, ದೊಡ್ಡಕಲ್ಲಸಂದ್ರ. ನಿಜವಾದ ಸಮುದ್ರದ ಮಟ್ಟದಿಂದ 900 ಮೀಟರ್ ಮೇಲಿರುವ, ಹೇಳಿಕೊಳ್ಳುವಂಥ ಒಂದು ನದಿಯೂ ಹರಿಯದ ಈ ದಿಬ್ಬದ ಮೇಲೆ ನಮ್ಮ ಹಿರಿಯರು ಊರಿಗೊಂದು ಸಮುದ್ರ ಮಾಡಿಕೊಂಡಿದ್ದರು. ಅದನ್ನು ಜಂಬ ಎನ್ನಲು ನನಗೆ ಮನಸ್ಸಿಲ್ಲ. ಹೊಳೆಯಿಲ್ಲದ ಸೀಮೆಯಲ್ಲಿ ಮಳೆನೀರು ಹಿಡಿದಿಟ್ಟವನಿಗೆ ಅಷ್ಟು ದೊಡ್ಡ ಮಾತು ಆಡುವ ಹಕ್ಕಿದೆ.

ತಾವರೆಕೆರೆಗೆ ವಿವರಣೆಯೇ ಬೇಡ. ಮಡಿವಾಳಕ್ಕೆ ಬೇಕು, ಅದನ್ನು ಮುಂದೆ ಹೇಳುತ್ತೇನೆ.

ಇಲ್ಲೊಂದು ಎಚ್ಚರಿಕೆಯ ಮಾತು. ಬೆಂಗಳೂರಿನಲ್ಲಿ ಬೈರಸಂದ್ರ ಒಂದೇ ಅಲ್ಲ, ಸಿ.ವಿ. ರಾಮನ್ ನಗರದ ಕಡೆ ಇನ್ನೊಂದಿದೆ. ತಾವರೆಕೆರೆಯೂ ಒಂದೇ ಅಲ್ಲ. ಮಾಗಡಿ ರಸ್ತೆಯ ತಾವರೆಕೆರೆ ಹೋಬಳಿ ಕೇಂದ್ರ, ನಮ್ಮದಕ್ಕಿಂತ ಹೆಸರುವಾಸಿ. ನಮ್ಮ ಬೈರಸಂದ್ರ ಜಯನಗರದ ಪೂರ್ವದ ಅಂಚಿನಲ್ಲಿ, ತಿಲಕನಗರಕ್ಕೆ ಒತ್ತಿಕೊಂಡಿದೆ. ನಮ್ಮ ತಾವರೆಕೆರೆ ಡೈರಿ ಸರ್ಕಲ್ಲಿನಿಂದ ಹೊಸೂರು ರಸ್ತೆ ಹಿಡಿದು ಹೋದರೆ ಸುದ್ದಗುಂಟೆಪಾಳ್ಯದ ಮಗ್ಗುಲಲ್ಲಿ ಸಿಗುತ್ತದೆ. ಕಾಗದ ಪತ್ರ ಹುಡುಕುವವರು ಹೋಬಳಿಯ ಹೆಸರನ್ನು ಮೊದಲು ನೋಡಿಕೊಳ್ಳದಿದ್ದರೆ ಬೇರೆಯವರ ಊರಿನ ಚರಿತ್ರೆ ಬರೆದುಬಿಡುವ ಅಪಾಯವಿದೆ.

ಮೂರರಲ್ಲಿ ಹಳೆಯ ದಾಖಲೆ ಕೈಗೆ ಸಿಗುವುದು ಮಡಿವಾಳದ ಸೋಮೇಶ್ವರ ದೇವಸ್ಥಾನದಲ್ಲಿ. ಹೊಸೂರು ರಸ್ತೆಯ ಬಸ್ಸು, ತರಕಾರಿ ಗಾಡಿ, ಮೇಲ್ಸೇತುವೆಗಳ ಗಲಾಟೆಯಿಂದ ಒಳಗೆ ತಿರುಗಿದರೆ ಬಿಗಿದ ಓಣಿಗಳ ನಡುವೆ ಗುಡಿ ಇದೆ. ಹೊಸದಾಗಿ ಬಂದ ಭಕ್ತರು ನೇರ ಗರ್ಭಗುಡಿಗೆ ಹೋಗಿ ಮಂಗಳಾರತಿ ತೆಗೆದುಕೊಂಡು ಹೊರಡುತ್ತಾರೆ. ಹೊರಗೋಡೆಯ ಕೆಳಭಾಗವನ್ನು ಬಗ್ಗಿ ನೋಡಿದವರಿಗೆ ಕಲ್ಲಿನ ಮೇಲೆ ಸಾಲು ಸಾಲು ಅಕ್ಷರ ಕಾಣುತ್ತದೆ. ಕನ್ನಡವೆಂದುಕೊಂಡು ಓದಲು ಹೋದರೆ ಓದಲಾಗುವುದಿಲ್ಲ, ಯಾಕೆಂದರೆ ಅದು ತಮಿಳು.

ಕನ್ನಡದ ಊರಲ್ಲಿ ತಮಿಳು ಶಾಸನ ಯಾಕೆ ಎಂದು ಕೆಲವರು ಹುಬ್ಬು ಗಂಟಿಕ್ಕುತ್ತಾರೆ. ಕಾರಣ ಸರಳ. 11ನೇ ಶತಮಾನದ ಆರಂಭದಲ್ಲಿ ಗಂಗರ ತಲಕಾಡು ಚೋಳರ ಕೈಗೆ ಹೋಯಿತು, ಅದರ ಜೊತೆಗೆ ಗಂಗವಾಡಿಯೂ ಹೋಯಿತು. ನೂರು ವರ್ಷ ಕಳೆದ ಮೇಲೆ ವಿಷ್ಣುವರ್ಧನ ಚೋಳರನ್ನು ಹೊರಗಟ್ಟಿದ. ಅರಸು ಬದಲಾದ ಮಾತ್ರಕ್ಕೆ ಗುಡಿಯ ಲೆಕ್ಕ ಬರೆಯುವವರು, ದತ್ತಿ ಬಿಟ್ಟ ಕುಟುಂಬಗಳು, ಕಲ್ಲು ಕೊರೆಯುವವರು ಬದಲಾಗಲಿಲ್ಲ. ಹೊಯ್ಸಳರ ಕಾಲದಲ್ಲೂ ಈ ಪೂರ್ವದ ಸೀಮೆಯ ಎಷ್ಟೋ ಗುಡಿಗಳಲ್ಲಿ ತಮಿಳಿನಲ್ಲೇ ದಾನಶಾಸನ ಹಾಕಿಸಿದ್ದಾರೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟ ಬೆಂಗಳೂರು ಜಿಲ್ಲೆಯದು, 1905ರಲ್ಲಿ ಅಚ್ಚಾದದ್ದು. ಅದರ ಪುಟ ತಿರುವಿದವರಿಗೆ ಇದು ಹೊಸ ಸುದ್ದಿಯಲ್ಲ.

ಮಡಿವಾಳದ ಶಾಸನಗಳಲ್ಲಿ ಒಂದು 1247ರದು. ವೆಪ್ಪೂರಿನ ನಿವಾಸಿಯೊಬ್ಬ ಬಿಟ್ಟ ದತ್ತಿ ಅದು. ಕೊಟ್ಟದ್ದು ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಜಮೀನು. ವೆಪ್ಪೂರು ಅಂದರೆ ಇಂದಿನ ಬೇಗೂರು. ವೆಂಗಳೂರು ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲು ಬೆಂಗಳೂರು ಎಂಬುದೊಂದು ಊರು, ಅದಕ್ಕೊಂದು ದೊಡ್ಡ ಕೆರೆ, ಕೆರೆಯ ಕೆಳಗೆ ದಾನ ಕೊಡಲು ಯೋಗ್ಯವಾದ ನೀರಾವರಿ ಭೂಮಿ ಇತ್ತೆಂದು ನಮ್ಮ ಮಡಿವಾಳದ ಗೋಡೆ ಹೇಳುತ್ತದೆ. ಬೇಗೂರಿನ ನಾಗನಾಥೇಶ್ವರ ಗುಡಿಯ ಆವರಣದ, ಸುಮಾರು 890ರ ವೀರಗಲ್ಲು ಬೆಂಗಳೂರ ಕಾಳಗವನ್ನು ಹೆಸರಿಸುವುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಅದು ಸಿಕ್ಕ ಮೇಲೆ ಎರಡನೇ ಬಲ್ಲಾಳನ ಬೆಂದ ಕಾಳಿನ ಕತೆ ಅಜ್ಜಿಕತೆಯ ಸಾಲಿಗೆ ಸೇರಿತು. ಆ ಬಲ್ಲಾಳ ಪಟ್ಟಕ್ಕೆ ಬಂದದ್ದೇ 1173ರಲ್ಲಿ. ಆದರೆ ಬೇಗೂರಿನ ಕಲ್ಲಿಗೆ ಸಿಕ್ಕ ಪ್ರಸಿದ್ಧಿಯಲ್ಲಿ ಹತ್ತರಲ್ಲಿ ಒಂದು ಪಾಲೂ ಮಡಿವಾಳದ ಗೋಡೆಗೆ ಸಿಕ್ಕಿಲ್ಲ. ಕಾಳಗದ ಸುದ್ದಿಗೆ ಕಿವಿ ಕೊಡುವಷ್ಟು ಜನ ಗದ್ದೆಯ ಸುದ್ದಿಗೆ ಕೊಡುವುದಿಲ್ಲ.

ನಮಗೆ ಇನ್ನೂ ಹತ್ತಿರದ್ದು 1365ರ ಶಾಸನ. ವಿಜಯನಗರದಲ್ಲಿ ಬುಕ್ಕರಾಯ ಆಳುತ್ತಿದ್ದ ಕಾಲ. ಅದರಲ್ಲಿ ಭೂಮಿ ದತ್ತಿ ಬಿಟ್ಟ ಜಾಗದ ಹೆಸರು ತಾಮರೈಕ್ಕರೈ. ತಾವರೆಯ ಕೆರೆಯ ದಡ. ಇದೇ ಇಂದಿನ ತಾವರೆಕೆರೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಂದರೆ ಬಿ.ಟಿ.ಎಂ. ಎಂಬುದರ ನಡುವಿನ ಟಿ ಆರೂವರೆ ಶತಮಾನದಷ್ಟು ಹಳೆಯದು, ಅದಕ್ಕೆ ಸಾಕ್ಷಿ ಅದರ ಪಕ್ಕದ ಎಂನಲ್ಲಿ, ಗುಡಿಯ ಗೋಡೆಯ ಮೇಲಿದೆ. ಬಡಾವಣೆಗೆ ಹೆಸರಿಟ್ಟ ಅಧಿಕಾರಿಗೆ ಇದು ಗೊತ್ತಿದ್ದಿರಲಿಕ್ಕಿಲ್ಲ. ತಾವರೆಕೆರೆ ಮತ್ತು ಮಡಿವಾಳದ ಒಡನಾಟ ಮಾತ್ರ ಲೇಔಟಿನ ನಕ್ಷೆಯಿಂದ ಆರಂಭವಾದದ್ದಲ್ಲ. ಒಂದು ಊರಿನ ಗದ್ದೆಯ ಆದಾಯದಿಂದ ಇನ್ನೊಂದು ಊರಿನ ದೇವರಿಗೆ ದೀಪ ಉರಿಯುತ್ತಿತ್ತು.

ಈ ಎರಡೂ ಊರಿನ ಹಳೆಯ ಕ್ರಯಪತ್ರಗಳಲ್ಲಿ ಬೇಗೂರು ಹೋಬಳಿ, ಬೆಂಗಳೂರು ದಕ್ಷಿಣ ತಾಲ್ಲೂಕು ಎಂಬ ಒಕ್ಕಣೆ ಬರುತ್ತದೆ. 1247ರಲ್ಲಿ ವೆಪ್ಪೂರಿನವನು ದಾನ ಕೊಟ್ಟ, ಏಳು ನೂರು ವರ್ಷ ಕಳೆದ ಮೇಲೂ ಕಂದಾಯ ಇಲಾಖೆಯವರು ನಮ್ಮನ್ನು ಅದೇ ಬೇಗೂರಿನ ಕೆಳಗೆ ಬರೆದರು. ಅರಸರು, ಬ್ರಿಟಿಷರು, ಮುನಿಸಿಪಾಲಿಟಿ ಎಲ್ಲ ಬದಲಾದರೂ ಹೋಬಳಿ ಬದಲಾಗದಿರುವುದು ನಮ್ಮ ನಾಡಿನ ಒಂದು ವಿಶೇಷ.

ಇನ್ನು ಮಡಿವಾಳ. ಬಟ್ಟೆ ಒಗೆದು ಮಡಿ ಮಾಡುವ ಮಡಿವಾಳರು ಇಲ್ಲಿ ನೆಲೆಸಿದ್ದರಿಂದ ಊರಿಗೆ ಆ ಹೆಸರು ಬಂತೆಂಬುದು ಎಲ್ಲರೂ ಹೇಳುವ ಮಾತು. 12ನೇ ಶತಮಾನದ ಶರಣ, ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವರನ್ನು ಕುಲಗುರುವೆಂದು ನಂಬಿದ ಸಮುದಾಯ ಅದು. ಊರಿಗೆ ಸಾಮಾನ್ಯವಾಗಿ ಗೌಡನ ಹೆಸರು, ದೇವರ ಹೆಸರು, ಮರದ ಹೆಸರು ಬರುತ್ತದೆ. ಕಾಯಕದವರ ಹೆಸರೇ ಊರಿನ ಹೆಸರಾಗುವುದು ಅಷ್ಟು ಸುಲಭವಲ್ಲ. ಅದರಲ್ಲೂ ಊರವರೆಲ್ಲರ ಕೊಳೆ ತೊಳೆದು ಊರಾಚೆಯ ನೀರಿನ ಬಳಿ ದಿನ ಕಳೆಯುತ್ತಿದ್ದವರ ಹೆಸರು.

ಆ ಕೆಲಸ ಎಂಥದ್ದಿತ್ತೆಂದು ವಾಷಿಂಗ್ ಮಷೀನಿನ ಗುಂಡಿ ಒತ್ತುವ ಕಾಲದಲ್ಲಿ ಸ್ವಲ್ಪ ಹೇಳುವುದು ಒಳ್ಳೆಯದು. ಮನೆಮನೆಯಿಂದ ಬಟ್ಟೆ ತಂದು ಮೂಟೆ ಕಟ್ಟಿ, ಮೈಲಿಗೆ ಬಟ್ಟೆಗೆ ಬೇರೆ ಗಂಟು ಮಾಡಿ, ಕತ್ತೆಯ ಮೇಲೆ ಹೇರಿ ಕೆರೆಗೆ ಒಯ್ಯಬೇಕು. ಸೋಪು ಬರುವುದಕ್ಕೆ ಮುಂಚೆ ಚೌಳು ಮಣ್ಣು. ಚೌಳು ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ದೊಡ್ಡ ಬಾನಿಯ ಮೇಲೆ ಸುತ್ತಿ ಜೋಡಿಸಿ, ಕೆಳಗೆ ಬೆಂಕಿ ಹಾಕಿ ಹಬೆಯಲ್ಲಿ ಬೇಯಿಸಬೇಕು. ಇದಕ್ಕೆ ಉಬ್ಬೆ ಹಾಕುವುದು ಎನ್ನುತ್ತಾರೆ. ಆಮೇಲೆ ಮೊಣಕಾಲುದ್ದ ನೀರಲ್ಲಿ ನಿಂತು ಕಲ್ಲಿಗೆ ಬಡಿದು, ಹಿಂಡಿ, ಏರಿಯ ಹುಲ್ಲಿನ ಮೇಲೆ ಹರವಬೇಕು. ಯಾರ ಬಟ್ಟೆ ಯಾವುದೆಂಬುದಕ್ಕೆ ಮೂಲೆಯಲ್ಲಿ ಗೇರು ಮಸಿಯ ಗುರುತು. ಓದು ಬರಹ ಇಲ್ಲದವರೂ ನೂರು ಮನೆಯ ಗುರುತನ್ನು ತಪ್ಪದೆ ಹೇಳುತ್ತಿದ್ದರು. ಮದುವೆಯಲ್ಲಿ ನಡೆಮಡಿ ಹಾಸುವುದು, ಹಬ್ಬದ ದಿನ ದೇವರ ಮುಂದೆ ಪಂಜು ಹಿಡಿಯುವುದು ಅವರ ಹಕ್ಕು, ಅದಕ್ಕೆ ಸುಗ್ಗಿಯಲ್ಲಿ ಕಣದಿಂದ ಆಯ. ಇಷ್ಟೆಲ್ಲ ನಡೆಯಬೇಕಾದರೆ ವರ್ಷವಿಡೀ ಬತ್ತದ ನೀರು ಬೇಕು. ಮಡಿವಾಳದಲ್ಲಿ ಅದು ಇತ್ತು, ಈಗಲೂ ಇದೆ: ಸುಮಾರು 114 ಹೆಕ್ಟೇರ್ ವಿಸ್ತಾರದ ಕೆರೆ. ಬೆಂಗಳೂರಿನಲ್ಲಿ ಉಳಿದಿರುವ ದೊಡ್ಡ ಕೆರೆಗಳ ಪಟ್ಟಿಯಲ್ಲಿ ಅದರ ಹೆಸರು ಮೇಲೆಯೇ ಇದೆ.

ಆ ಕೆರೆ ಒಂಟಿಯಲ್ಲ. ಹುಳಿಮಾವಿನ ಕಡೆಯ ಕೆರೆ ತುಂಬಿ ಕೋಡಿ ಹರಿದರೆ ನೀರು ಮಡಿವಾಳಕ್ಕೆ, ಮಡಿವಾಳದ ಕೋಡಿ ಆಗರಕ್ಕೆ, ಆಗರದ್ದು ಬೆಳ್ಳಂದೂರಿಗೆ, ಬೆಳ್ಳಂದೂರಿನದು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ನಕ್ಷೆಯಲ್ಲಿ ಇದಕ್ಕೆ ಕೋರಮಂಗಲ-ಚಲ್ಲಘಟ್ಟ ಕಣಿವೆ ಎಂದು ಹೆಸರು. ಈ ಸಾಲು ಎಷ್ಟು ಹಳೆಯದೆಂದರೆ, ಸುಮಾರು 870ರ ಆಗರದ ಗಂಗರ ಕಾಲದ ಶಾಸನ ಅಲ್ಲಿನ ಕೆರೆಗಳಿಗೆ ತೂಬು ಇಡಿಸಿ, ಮತ್ತೊಂದು ಕೆರೆ ಕಟ್ಟಿಸಿದ ಇರುಗಮಯ್ಯನ ಹೆಸರು ಹೇಳುತ್ತದೆ. ಊರೂರಲ್ಲೂ ಏರಿಯ ಕೆಳಗೆ ಭತ್ತದ ಗದ್ದೆ, ಮೇಲಿನ ಬೆದ್ದಲಲ್ಲಿ ರಾಗಿ, ಹುರುಳಿ, ಅವರೆ. ತೂಬು ಎತ್ತಿ ಇಳಿಸಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಲೆಕ್ಕ ಇಡುವವನು ನೀರುಗಂಟಿ. ಅವನ ಮಾತಿಗೆ ಗೌಡನೂ ಎದುರಾಡುವ ಹಾಗಿರಲಿಲ್ಲ.

ಈ ಏರ್ಪಾಡು ಸಡಿಲವಾದದ್ದು ಒಂದೇ ದಿನದಲ್ಲಿ ಅಲ್ಲ. 1896ರಲ್ಲಿ ಹೆಸರಘಟ್ಟದಿಂದ ಪಟ್ಟಣಕ್ಕೆ ಕೊಳವೆ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಬಂತು. 1974ರಲ್ಲಿ ಕಾವೇರಿ ಬಂದಳು. ನಲ್ಲಿಯಲ್ಲಿ ನೀರು ಕಂಡ ಪಟ್ಟಣ ಕೆರೆಯನ್ನು ಖಾಲಿ ಜಾಗವೆಂದು ನೋಡತೊಡಗಿತು. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ನಮ್ಮ ಮಗ್ಗುಲಿನ ಶ್ರೀನಿವಾಗಿಲು ಕೆರೆಯಂಗಳದಲ್ಲಿ ರಾಷ್ಟ್ರೀಯ ಕ್ರೀಡಾ ಗ್ರಾಮ ಎದ್ದಿತು. ನಮ್ಮ ಮೂರರ ಗತಿ ಮೂರು ಬಗೆ. ಬೈರಸಂದ್ರದಲ್ಲಿ ಸಮುದ್ರ ಕುಗ್ಗಿ, ಸುತ್ತ ಬೇಲಿಯಿರುವ ಸಣ್ಣ ಕೆರೆ ಉಳಿದಿದೆ. ತಾವರೆಕೆರೆಯಲ್ಲಿ ಆ ಹೆಸರಿನ ಪಾರ್ಕಿದೆ, ರಸ್ತೆಯಿದೆ. ಗದ್ದೆಗೆ ನೀರು ಕೊಡುತ್ತಿದ್ದ ಕೆರೆಯಿಲ್ಲ. ಮಡಿವಾಳದ ಕೆರೆ ಅರಣ್ಯ ಇಲಾಖೆಯ ಕೈಗೆ ಬಂದದ್ದರಿಂದ ದೊಡ್ಡದಾಗಿಯೇ ಉಳಿಯಿತು. ಕೊಳಚೆ, ಕಳೆ, ಒತ್ತುವರಿಯ ತಕರಾರು ಅದಕ್ಕೂ ತಪ್ಪಿಲ್ಲ, ಆದರೂ ಹೆಜ್ಜಾರ್ಲೆಗಳು ಇನ್ನೂ ಬಂದಿಳಿಯುತ್ತವೆ.

ಈಗ ಬಡಾವಣೆಯ ಮಾತು. ಬೆಂಗಳೂರು ದಕ್ಷಿಣಕ್ಕೆ ಹೊರಳಿದ್ದು ಜಯನಗರದಿಂದ. 1948ರ ಆಗಸ್ಟ್ 20ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಅದಕ್ಕೆ ಅಡಿಗಲ್ಲು ಹಾಕಿದರು. ನಗರಾಭಿವೃದ್ಧಿ ಟ್ರಸ್ಟ್ ಬೋರ್ಡಿನ ಕಾಲ ಅದು. ಸಿದ್ದಾಪುರ, ಕನಕನಪಾಳ್ಯ, ಯಡಿಯೂರು, ಬೈರಸಂದ್ರದಂಥ ಹಳ್ಳಿಗಳ ನಡುವೆ ಅಗಲ ರಸ್ತೆಗಳ ಚೌಕ ಚೌಕದ ನಕ್ಷೆ ಬಂತು. 1976ರಲ್ಲಿ ಬೋರ್ಡು ಹೋಗಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಆಯಿತು. ಪ್ರಾಧಿಕಾರದ ಕಣ್ಣು ಜಯನಗರದ ಆಚೆ, ಹೊಸೂರು ರಸ್ತೆ ಮತ್ತು ಬನ್ನೇರುಘಟ್ಟ ರಸ್ತೆಗಳ ನಡುವಿನ ಜಮೀನಿನ ಮೇಲೆ ಬಿತ್ತು. ಅದರ ಒಂದು ಅಂಚು ಬೈರಸಂದ್ರಕ್ಕೆ ತಾಕುತ್ತಿತ್ತು, ಇನ್ನೊಂದು ತಾವರೆಕೆರೆಗೆ, ಮತ್ತೊಂದು ಮಡಿವಾಳಕ್ಕೆ. ಯಾವ ಒಂದು ಊರಿನ ಹೆಸರಿಟ್ಟರೂ ಉಳಿದ ಎರಡು ಊರಿನವರು ಬಿಡುತ್ತಿರಲಿಲ್ಲವೋ, ಕಡತದಲ್ಲಿ ಮೂರನ್ನೂ ಬರೆಯುವುದು ಗುಮಾಸ್ತರಿಗೆ ಬೇಸರವಾಯಿತೋ, ಅಂತೂ ಮೂರರ ಮೊದಲಕ್ಷರ ಸೇರಿ ಲೇಔಟ್ ಆಯಿತು. ಆಮೇಲೆ ಇದೇ ಜಾಡಿನಲ್ಲಿ ಹೊಸೂರು-ಸರ್ಜಾಪುರ ರಸ್ತೆಯ ಬಡಾವಣೆ ಎಚ್.ಎಸ್.ಆರ್. ಆಯಿತು. ಅಲ್ಲಿ ಅಕ್ಷರಗಳ ಹಿಂದೆ ಇರುವುದು ಒಂದು ರಸ್ತೆ. ಇಲ್ಲಿ ಇರುವುದು ಊರುಗಳು.

ಆಗ ಕನ್ನಡಕ್ಕೆ ಬಂದ ಕೆಲವು ಪದಗಳನ್ನು ಹಳ್ಳಿಯ ಹಿರಿಯರು ಈಗಲೂ ಮರೆತಿಲ್ಲ. ನೋಟಿಫಿಕೇಷನ್, ಅವಾರ್ಡು, ಡಿನೋಟಿಫಿಕೇಷನ್. ಪ್ರಾಧಿಕಾರದ ಕಾಯಿದೆಯಲ್ಲಿ 17ನೇ ಸೆಕ್ಷನ್ನಿನ ಕೆಳಗೆ ಮೊದಲ ಪ್ರಕಟಣೆ, 19ರ ಕೆಳಗೆ ಕೊನೆಯದು. ಎರಡರ ನಡುವೆ ರೈತನಿಗೆ ಆಕ್ಷೇಪಣೆ ಹೇಳಲು ಅವಕಾಶವಿತ್ತು. ಗೆಜೆಟ್ಟು ಓದುವ ಅಭ್ಯಾಸವಿಲ್ಲದವನಿಗೆ ಆ ಅವಕಾಶ ಮುಗಿದ ಮೇಲೆ ಸುದ್ದಿ ತಿಳಿಯುತ್ತಿತ್ತು. ಪರಿಹಾರ ಎಕರೆ ಲೆಕ್ಕದಲ್ಲಿ, ನಿವೇಶನದ ಮಾರಾಟ ಚದರ ಅಡಿ ಲೆಕ್ಕದಲ್ಲಿ. ಈ ಒಂದು ವ್ಯತ್ಯಾಸದಲ್ಲಿ ಎಷ್ಟು ಮನೆಗಳು ಮೇಲೆದ್ದವು, ಎಷ್ಟು ಕೆಳಗಿಳಿದವು ಎಂಬುದನ್ನು ಯಾವ ಸ್ಮರಣ ಸಂಚಿಕೆಯೂ ಬರೆಯುವುದಿಲ್ಲ. ಗದ್ದೆ ಕಳೆದುಕೊಂಡವರಲ್ಲಿ ಕೆಲವರು ಉಳಿದ ತುಂಡಿನಲ್ಲಿ ಬಾಡಿಗೆ ವಠಾರ ಕಟ್ಟಿ ಚೇತರಿಸಿಕೊಂಡರು. ಕೆಲವರು ತಮ್ಮದೇ ಹಳೆಯ ಹೊಲದ ಮೇಲೆ ಎದ್ದ ಮನೆಗಳಿಗೆ ಹಾಲು ಹಾಕಿದರು.

ಸರ್ಕಾರ ಹೊಲ ಗದ್ದೆಗಳನ್ನು ತೆಗೆದುಕೊಂಡಿತು, ಗ್ರಾಮಠಾಣವನ್ನು ಬಿಟ್ಟಿತು. ಹಳೆಯ ಊರು ಗುರುತಿಸುವುದಕ್ಕೆ ಈಗಲೂ ಇದೇ ದಾರಿ. ಲೇಔಟಿನ ಮೇನು, ಕ್ರಾಸು ದಾರ ಹಿಡಿದು ಎಳೆದಷ್ಟು ನೇರ ಹೋಗುತ್ತಿರುತ್ತವೆ. ಇದ್ದಕ್ಕಿದ್ದಂತೆ ರಸ್ತೆ ಸೊಟ್ಟಗಾಗಿ, ಎರಡು ಬೈಕು ಎದುರಾದರೆ ಒಂದು ನಿಲ್ಲಬೇಕಾದಷ್ಟು ಕಿರಿದಾಗುತ್ತದೆ. ಮನೆ ನಂಬರು ಸಾಲು ತಪ್ಪುತ್ತದೆ. ಅರಳಿಕಟ್ಟೆ, ಅದರ ಬುಡದಲ್ಲಿ ಅರಿಶಿನ ಮೆತ್ತಿದ ನಾಗರಕಲ್ಲು, ಎದುರಿಗೆ ಅಮ್ಮನ ಗುಡಿ ಬರುತ್ತದೆ. ಅಲ್ಲಿಗೆ ಲೇಔಟ್ ಮುಗಿದು ಊರು ಆರಂಭವಾಯಿತು ಅಂತ ಅರ್ಥ. ಊರಹಬ್ಬದ ದಿನ ತಂಬಿಟ್ಟಿನಾರತಿ ಹೊತ್ತ ಹೆಂಗಸರ ಸಾಲು ಇಂಥ ಓಣಿಯಿಂದ ಹೊರಟು ಲೇಔಟಿನ ಮುಖ್ಯರಸ್ತೆಗೆ ಬರುತ್ತದೆ. ಆಗ ಸಾಫ್ಟ್‌ವೇರ್ ಕಂಪನಿಯ ಕ್ಯಾಬುಗಳು ಸಾಲಾಗಿ ಕಾಯುತ್ತವೆ. ಹಾರ್ನ್ ಮಾಡುವವರೂ ಇದ್ದಾರೆ. ಅವರಿಗೆ ತಾವು ಯಾರ ಗದ್ದೆಯ ಮೇಲೆ ನಿಂತಿದ್ದೇವೆಂದು ಗೊತ್ತಿಲ್ಲ.

ಆಮೇಲಿನ ಕತೆ ಎಲ್ಲರ ಕಣ್ಣೆದುರಿನದು, ಉದ್ದ ಮಾಡುವುದಿಲ್ಲ. ಮಡಿವಾಳದ ಗಡಿಯಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಕಟ್ಟಡ ಬಂತು. ದೇಶದ ರೇಷ್ಮೆ ಬೆಳೆಗಾರರಿಗೆ ಅದು ಸಂಸ್ಥೆ, ಊರವರಿಗೆ ಸಿಲ್ಕ್ ಬೋರ್ಡ್ ಅಂದರೆ ಟ್ರಾಫಿಕ್ಕು. ಮಡಿವಾಳ ಚೆಕ್‌ಪೋಸ್ಟಿನಿಂದ ಸಂಜೆ ಕೇರಳದ, ತಮಿಳುನಾಡಿನ ಬಸ್ಸುಗಳು ಹೊರಟವು, ಅವುಗಳ ಜೊತೆ ಮಲಯಾಳಿ ಅಂಗಡಿಗಳೂ ಅಯ್ಯಪ್ಪನ ಗುಡಿಯೂ ಊರಿನ ಭಾಗವಾದವು. ಎಲೆಕ್ಟ್ರಾನಿಕ್ಸ್ ಸಿಟಿಗೆ ಹೋಗುವ ಹುಡುಗ ಹುಡುಗಿಯರಿಗೆ ಮನೆ ಮನೆಯೂ ಪಿಜಿ ಆಯಿತು. ಈಗ ನಮ್ಮ ಕ್ರಾಸಿನಲ್ಲಿ ಒಡಿಯಾ, ಬಂಗಾಳಿ, ತೆಲುಗು, ಹಿಂದಿ ಎಲ್ಲ ಕೇಳಿಸುತ್ತದೆ. ಗುಡಿಯ ಗೋಡೆಯ ಮೇಲಿನ ತಮಿಳು ನೆನಪಾದಾಗ ಇದು ಅಂಥ ಹೊಸ ವಿಚಾರವೆಂದು ನನಗೆ ಅನ್ನಿಸುವುದಿಲ್ಲ.

ಹೆಸರಿನ ಮಾತಿಗೆ ಬಂದರೆ, ಆ ಮೂರಕ್ಷರ ಬೆಳೆದ ಬಗೆ ಸ್ವಲ್ಪ ತಮಾಷೆಯದು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಬಿ.ಟಿ.ಎಂ. ಲೇಔಟ್ ಎಂದೇ ವಿಧಾನಸಭಾ ಕ್ಷೇತ್ರ ಹುಟ್ಟಿತು. ಕೋರಮಂಗಲದಂಥ ಹಳೆಯ ಹೆಸರಿನ ಊರು ಅದರೊಳಗೆ ಸೇರಿಹೋಯಿತು. ಒಂದು ಲೇಔಟಿನ ಹೆಸರು, ಅದೂ ಬಿಡಿ ಅಕ್ಷರಗಳಲ್ಲಿ, ವಿಧಾನಸೌಧದ ದಾಖಲೆಗೆ ಏರಿತು. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19.15 ಕಿಲೋಮೀಟರ್ ಉದ್ದದ ಹಳದಿ ಮಾರ್ಗ ಆರಂಭವಾಯಿತು. ಅದರ 16 ನಿಲ್ದಾಣಗಳಲ್ಲಿ ಒಂದಕ್ಕೆ ನಮ್ಮ ಹೆಸರು ಸಿಕ್ಕಿತು. ಬೈರಸಂದ್ರಕ್ಕೂ ತಾವರೆಕೆರೆಗೂ ಆ ಮಾರ್ಗದಲ್ಲಿ ಬೇರೆ ನಿಲ್ದಾಣವಿಲ್ಲ. ಮಡಿವಾಳದವರು ಇಳಿಯುವ ಕಡೆ ಸಿಲ್ಕ್ ಬೋರ್ಡ್ ಎಂದು ಫಲಕವಿದೆ. ಮೂರೂ ಊರು ಈಗ ರೈಲಿನಲ್ಲಿ ಉಳಿದಿರುವುದು ಆ ಮೂರಕ್ಷರದಲ್ಲೇ.

ಈ ಹೆಸರನ್ನು ಬದಲಾಯಿಸಿ ಯಾರಾದರೂ ಮಹನೀಯರ ಹೆಸರಿಡಬೇಕೆಂಬ ಮಾತು ನಮ್ಮಲ್ಲಿ ಆಗಾಗ ಏಳುತ್ತದೆ. ನನ್ನ ಮತ ಅದಕ್ಕೆ ವಿರುದ್ಧ. ಮಹನೀಯರಿಗೆ ರಸ್ತೆ, ಸರ್ಕಲ್ಲು, ಉದ್ಯಾನ ಎಲ್ಲ ಇವೆ. ಎರಡನೇ ಹಂತದ ಕುವೆಂಪುನಗರಕ್ಕೆ ಯಾರ ತಕರಾರೂ ಇಲ್ಲ. ಬಿ.ಟಿ.ಎಂ. ನೋಡಲು ಚೆಂದವಿಲ್ಲ, ಹಾಡಿಗೆ ಒಗ್ಗುವುದಿಲ್ಲ, ಒಪ್ಪುತ್ತೇನೆ. ಆದರೆ ಜಮೀನು ಕೊಟ್ಟ ಹಳ್ಳಿಗಳ ಹೆಸರನ್ನು ಪೂರಾ ಅಳಿಸದೆ ಉಳಿಸಿಕೊಂಡ ಬಡಾವಣೆಗಳು ಕಡಿಮೆ. ಅಕ್ಷರಗಳನ್ನು ತೆಗೆಯುವ ಬದಲು ಬಿಡಿಸಿ ಬರೆಯೋಣ. ಮೆಟ್ರೋ ನಿಲ್ದಾಣದ ಗೋಡೆಯ ಮೇಲೆ, ಬಸ್ ತಂಗುದಾಣಗಳಲ್ಲಿ, ಪಾರ್ಕಿನ ದ್ವಾರದಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂದು ಪೂರ್ತಿ ಕನ್ನಡದಲ್ಲಿ ಬರೆಸಲು ಹೆಚ್ಚಿನ ಖರ್ಚೇನೂ ಆಗುವುದಿಲ್ಲ.

ಕೊನೆಗೆ ಮೂರೂ ಊರಿನ ಹಳೆಯ ಮನೆತನಗಳಲ್ಲಿ ಒಂದು ವಿನಂತಿ. ನಿಮ್ಮ ಪೆಟ್ಟಿಗೆಗಳಲ್ಲಿ ಹಳೆಯ ಪಹಣಿ, ಕ್ರಯಪತ್ರ, ಕಂದಾಯದ ರಸೀದಿ, ಊರಹಬ್ಬದ ಕರೆಯೋಲೆ, ಕೆರೆಯ ಏರಿಯ ಮೇಲೆ ತೆಗೆಸಿಕೊಂಡ ಒಂದು ಫೋಟೋ ಇದ್ದೀತು. ಮನೆ ಒಡೆದು ಕಟ್ಟಿಸುವಾಗ ಅವನ್ನು ಗುಜರಿಗೆ ಹಾಕಬೇಡಿ. ಅಸಲು ನಿಮ್ಮಲ್ಲೇ ಇರಲಿ, ನಕಲು ತೆಗೆದುಕೊಳ್ಳಲು ಬಡಾವಣೆಯ ಗ್ರಂಥಾಲಯದವರಿಗೋ ಈ ಸಂಚಿಕೆಯ ಸಂಪಾದಕ ಬಳಗದವರಿಗೋ ಒಮ್ಮೆ ಕೊಡಿ. ಮಡಿವಾಳದ ಗುಡಿಯ ಜೀರ್ಣೋದ್ಧಾರಕ್ಕೆ ಕೈಹಾಕುವವರಲ್ಲೂ ಇಷ್ಟೇ ಕೇಳಿಕೊಳ್ಳುವುದು: ಶಾಸನವಿರುವ ಕಲ್ಲಿನ ಮೇಲೆ ಬಣ್ಣ ಬಳಿಯಬೇಡಿ, ಅದರ ಮೇಲೆ ಟೈಲ್ಸ್ ಹಾಕಿಸಬೇಡಿ. ಅಕ್ಷರ ತಿಳಿದವರನ್ನು ಕರೆಸಿ, ಪಕ್ಕದಲ್ಲಿ ಅದರ ಅರ್ಥವನ್ನು ಕನ್ನಡದಲ್ಲಿ ಬರೆಸಿ ಹಾಕಿ.